ಮೂರನೆಯ ಸಲ ಕೇಳಬೇಕಿತ್ತು

ಜಿಲ್ಲೆಯ ಮನೆ ಆರೈಕೆ ಕಚೇರಿಯ ಮಾನ್ಯ ಮೇಲಧಿಕಾರಿಗಳೇ,

ನನ್ನ ಅಣ್ಣ ಲೈಲ್‌ಗೆ ಇನ್ನು ಮುಂದೆ ಮನೆಗೆ ಬಂದು ನೆರವಾಗುವವರು ಬೇಕಿಲ್ಲವೆಂದು ತೀರ್ಮಾನಿಸಿದ್ದೀರಿ. ಕಾರಣವನ್ನು ಒಂದೇ ಪದದಲ್ಲಿ ಕೊಟ್ಟಿದ್ದೀರಿ: "ಫೈನ್". ಆ ಪದ ಅವನೇ ಆಡಿದ್ದು. ನಿಮ್ಮ ಪರಿಶೀಲನಾಧಿಕಾರಿ ಅಕ್ಷರ ತಪ್ಪದೆ ಬರೆದುಕೊಂಡಿದ್ದಾರೆ. ಸುಳ್ಳನ್ನು ಇಷ್ಟು ನಿಷ್ಠೆಯಿಂದ ದಾಖಲಿಸುವ ಕಚೇರಿಯನ್ನು ನಾನು ಬೇರೆ ಕಂಡಿಲ್ಲ.

ನೀವೂ ನಮ್ಮ ಮಿನೆಸೋಟ ರಾಜ್ಯದವರೇ ಅಲ್ಲವೇ? ಈ ಪದದ ಅರ್ಥ ನಿಮಗೆ ನಾನು ಹೇಳಿಕೊಡಬೇಕೇ? ಕೊಟ್ಟಿಗೆ ಸುಟ್ಟುಹೋದ ಭಾನುವಾರ ಲೈಲ್ ಚರ್ಚಿನ ಮೆಟ್ಟಿಲ ಮೇಲೆ ನಿಂತು "ಫೈನ್" ಎಂದಿದ್ದ. ಆ ಮಾತು ಎತ್ತಬೇಡಿ ಎಂದರ್ಥ. ಅತ್ತಿಗೆ ತೀರಿಕೊಂಡ ವಾರವೂ "ಫೈನ್" ಎಂದ. ಇನ್ನೊಂದು ಮಾತಾಡಿದರೆ ಅಳು ಬರುತ್ತದೆ ಎಂದರ್ಥ. ಆಕೆ ಬದುಕಿದ್ದಾಗ ಹೊಸ ಪರದೆ ಹೇಗಿದೆಯೆಂದು ಕೇಳಿದರೂ ಅದೇ ಪದ. ಅದರಿಂದ ಎರಡು ದಿನ ಜಗಳ. ನಿಜವಾಗಿ ಚೆನ್ನಾಗಿದ್ದಾಗ ಅವನು ಆ ಪದ ಬಳಸಿದ್ದನ್ನು ನಾನು ಕೇಳಿಲ್ಲ. ಆಗ "ಅಷ್ಟೇನೂ ಕೆಟ್ಟದಾಗಿಲ್ಲ" ಎನ್ನುತ್ತಾನೆ. ನಾನು ಬೇರೆ ಭಾಷೆಗಳಿಂದ ಬಂದ ಕಾದಂಬರಿಗಳನ್ನು ಓದುವವಳು. ಯಾವ ಅನುವಾದಕನಾದರೂ ಹೀಗೆ ಪದಕ್ಕೆ ಪದ ಇಟ್ಟಿದ್ದರೆ ಪುಸ್ತಕವನ್ನು ಗ್ರಂಥಾಲಯಕ್ಕೆ ಹಿಂದಿರುಗಿಸುತ್ತಿದ್ದೆ. ನಿಮ್ಮ ಆದೇಶವನ್ನು ಎಲ್ಲಿಗೆ ಹಿಂದಿರುಗಿಸಲಿ?

ಸೊಂಟದ ಮೂಳೆ ಮುರಿದ ಮೇಲೆ ವಾಂಡಾ ಎಂಬಾಕೆ ನಿಮ್ಮ ಕಡೆಯಿಂದ ವಾರಕ್ಕೆ ಮೂರು ದಿನ ಬಂದು ಅವನಿಗೆ ಸ್ನಾನ ಮಾಡಿಸಿ, ಕಾಲುಚೀಲ ತೊಡಿಸಿ ಹೋಗುತ್ತಿದ್ದಳು. ಅಧಿಕಾರಿ ಬಂದ ದಿನ ಅಡುಗೆಮನೆಯಲ್ಲಿ ನಾನೂ ಇದ್ದೆ.

"ಹೇಗಿದ್ದೀರಿ ಲೈಲ್?"

"ಫೈನ್."

"ಸ್ನಾನಕ್ಕೆ ಇನ್ನೂ ಯಾರಾದ್ರೂ ಬರ್ಬೇಕಾ?"

"ಏನೂ ಬೇಡ ಬಿಡಮ್ಮ. ನನಗಿಂತ ಕಷ್ಟದಲ್ಲಿರೋರು ಎಷ್ಟೋ ಜನ ಇದಾರೆ, ಅವ್ರನ್ನ ನೋಡ್ಕೊಳ್ಳಿ."

ಅವರ ನಮೂನೆಯಲ್ಲಿ "ಬೇಕಿಲ್ಲ" ಎಂಬುದರ ಮುಂದಿನ ಚೌಕದೊಳಗೆ ಗುರುತು ಬಿತ್ತು. ಆಮೇಲೆ ನಾನು ಕಾಫಿ ಕೊಡಲೇ ಎಂದೆ.

"ಬೇಡ, ನಾನು ಫೈನ್" ಎಂದರು ಅಧಿಕಾರಿ.

"ಸ್ವಲ್ಪ?"

"ಅಯ್ಯೋ, ನಿಮಗ್ಯಾಕೆ ತೊಂದರೆ."

"ಆಗ್ಲೇ ಮಾಡಿಟ್ಟಿದೀನಿ. ನೀವು ಕುಡೀದಿದ್ರೆ ಚೆಲ್ತೀನಿ, ಅಷ್ಟೇ."

"ಹಾಗಾದ್ರೆ ಅರ್ಧ ಕಪ್ ಕೊಡಿ."

ಎರಡು ಕಪ್ ಕುಡಿದರು. ಕೇಕನ್ನೂ ಇದೇ ಕ್ರಮದಲ್ಲಿ ಎರಡು ಸಲ ನಿರಾಕರಿಸಿ ತಿಂದರು.

ಎರಡು ಸಲ ಬೇಡವೆಂದು ಮೂರನೆಯ ಸಲಕ್ಕೆ ಒಪ್ಪುವುದು ನಮ್ಮ ಕಡೆಯ ಮರ್ಯಾದೆ. ಕಾಫಿಗೆ ನೆನಪಿದ್ದ ಮರ್ಯಾದೆ ಸ್ನಾನಕ್ಕೆ ಏಕೆ ಮರೆತುಹೋಯಿತು? ನೀವೇಕೆ ಸುಮ್ಮನಿದ್ದಿರಿ ಎಂದು ನನ್ನನ್ನೂ ಕೇಳಬಹುದು. ಪರರ ಮುಂದೆ ಅಣ್ಣನ ಮಾತನ್ನು ಸುಳ್ಳೆನ್ನುವುದು ನನ್ನಿಂದಾಗಲಿಲ್ಲ. ಅವನು ಮಾತ್ರ ಅದನ್ನೇ ಇನ್ನೊಮ್ಮೆ ಕೇಳಲಿ ಎಂದು ಕಾಯುತ್ತಿದ್ದ. ಅವರ ಕಾರು ಹೊರಟ ಮೇಲೂ ಬಾಗಿಲ ಕಡೆ ನೋಡುತ್ತಿದ್ದ.

ಕಳೆದ ಮಂಗಳವಾರ, ಎಪ್ಪತ್ತೊಂದರ ನಾನು ಎಪ್ಪತ್ತಾರರ ಅವನನ್ನು ಸ್ನಾನದ ತೊಟ್ಟಿಯಿಂದ ಎಬ್ಬಿಸಲು ಹೋಗಿ ಇಬ್ಬರೂ ಜಾರಿ ಬಿದ್ದೆವು. ಏಳಲಾಗಲಿಲ್ಲ.

"ಏಟಾಯ್ತೇನೋ?"

"ಫೈನ್ ಕಣೇ. ನೀನು?"

"ಫೈನ್."

"ಮತ್ತಿನ್ನೇನು, ಇಬ್ರೂ ಇಲ್ಲೇ ಇದ್ದುಬಿಡೋಣ" ಎಂದ.

ಮುಕ್ಕಾಲು ಗಂಟೆ ಒದ್ದೆ ನೆಲದ ಮೇಲೆ ಇದ್ದೆವು. ಅಂಚೆಯವನು ನನ್ನ ಕೂಗು ಕೇಳಿ ಒಳಬಂದು ಎಬ್ಬಿಸಿದ. ಅವನು ತಂದಿದ್ದ ಅಂಚೆಯಲ್ಲಿ, ಚೇತರಿಸಿಕೊಂಡದ್ದಕ್ಕೆ ಲೈಲ್‌ನನ್ನು ಅಭಿನಂದಿಸುವ ನಿಮ್ಮ ಕಚೇರಿಯ ಕಾರ್ಡೂ ಇತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ವಾಂಡಾಳನ್ನು ಈ ವಾರವೇ ಮರಳಿ ಕಳಿಸಿ. ಅಧಿಕಾರಿಯೂ ಇನ್ನೊಮ್ಮೆ ಬರಲಿ, ಕಾಫಿ ಇರುತ್ತದೆ. ನಿಮ್ಮ ನಮೂನೆಯಲ್ಲಿ ಆ ಪ್ರಶ್ನೆಯ ಮುಂದೆ ಮೂರು ಚೌಕಗಳಿರಲಿ. ಮೊದಲಿನ ಎರಡನ್ನು ನಂಬಬೇಡಿ.

ಇದನ್ನೆಲ್ಲ ನಿಮ್ಮೆದುರೇ ಹೇಳದೆ ಊರಿನ ಪತ್ರಿಕೆಯಲ್ಲಿ ಏಕೆ ಬರೆಯುತ್ತಿದ್ದೇನೆಂದರೆ, ಶುಕ್ರವಾರ ನಿಮ್ಮ ಕಚೇರಿಗೇ ಬಂದಿದ್ದೆ. ವಿಚಾರಣೆಯ ಕಿಟಕಿಯಲ್ಲಿದ್ದ ಹುಡುಗಿ ನಗುತ್ತಾ, "ಹೇಗಿದ್ದೀರಿ? ಏನಾದ್ರೂ ಬೇಕಿತ್ತಾ?" ಎಂದಳು. ಒಂದೇ ಸಲ ಕೇಳಿದಳು.

ಇಂತಿ,
"ಫೈನ್, ಏನೂ ಬೇಡಮ್ಮ" ಎಂದು ಹೇಳಿ ಮನೆಗೆ ಮರಳಿದ,
ಆರ್ಡಿಸ್ ನೈಗಾರ್ಡ್