ಎರಡು ಇಂಚು ಲೂಸ್

ಜೂನ್ 3, ಮಂಗಳವಾರ, ಸಂಜೆ
ಯೂನಿಫಾರಂ ಇನ್ನೂ ಒಂದು ರಾಶಿ ಬಾಕಿ. ಸ್ಕೂಲು ಶುರುವಾದ ಮೇಲೆ ಬಟ್ಟೆ ತರುವ ತಾಯಂದಿರಿಗೆ ಏನು ಹೇಳೋದು. ಮಿಷನ್ ಮುಂದೆ ಕೂತು ಕೂತು ನನಗೆ ಕತ್ತು ಹಿಡಿದಿದೆ, ನಮ್ಮ ಯಜಮಾನರಿಗೆ ಸೊಂಟ. ಬೆಟ್ಟದ ತಿರುವುಗಳಲ್ಲಿ ವರ್ಷಾನುಗಟ್ಟಲೆ ಬಸ್ ಓಡಿಸಿದ ಸೊಂಟ. ಡಾಕ್ಟರು ಮೊದಲು ಕೇಳಿದ್ದೇ, "ಮಲಗೋದು ಯಾವುದರ ಮೇಲೆ?"

ಮದುವೆಯ ಹತ್ತಿ ಹಾಸಿಗೆ. ಎರಡು ಸಲ ಬಿಚ್ಚಿ ಹಿಂಜಿಸಿದ್ದಾಯ್ತು. ಆದರೂ ನಡುವೆ ಹಳ್ಳ. ಯಾವ ತುದಿಯಲ್ಲಿ ಮಲಗಿದರೂ ಬೆಳಗಾಗುವಷ್ಟರಲ್ಲಿ ಇಬ್ಬರೂ ಹಳ್ಳದಲ್ಲೇ. ಜಗಳ ಆಡಿ ಮಾತು ಬಿಟ್ಟ ದಿನವೂ ಅಷ್ಟೆ. ಯಾರು ಮೊದಲು ಮಾತಾಡಬೇಕು ಅನ್ನೋ ಪ್ರಶ್ನೆಯೇ ಬಂದಿಲ್ಲ… ಡಾಕ್ಟರಿಗೆ ಇದನ್ನೆಲ್ಲ ಹೇಳೋಕಾಗುತ್ತಾ. ಹೊಸದು ತಗೋಬೇಕು.

ಜೂನ್ 8, ಭಾನುವಾರ
ಇಬ್ಬರೂ ಕೊಳ್ಳೇಗಾಲಕ್ಕೆ ಹೋಗಿದ್ವಿ. ಅಂಗಡಿಯ ಶಾಂತಮೂರ್ತಿ ಒಂದೊಂದರ ಮೇಲೂ ಕೂರಿಸಿದರು. ಸ್ಪ್ರಿಂಗಿನದರ ಮೇಲೆ ಇವರು ಒಂದು ಸಲ ಕುಪ್ಪಳಿಸಿ, "ಬ್ಯಾಡ ಕಣಮ್ಮಿ, ಲಾಸ್ಟ್ ಸೀಟಲ್ಲಿ ಕೂತಂಗಾಯ್ತದೆ" ಅಂದರು. ಫೋಮು ಮೆತ್ತಗೆ ಚೆನ್ನಾಗಿತ್ತು. ನನಗೆ ಆಸೆ.

"ಸೊಂಟ ನೋವು ಅಂತೀರಿ, ತೆಂಗಿನ ನಾರಿಂದು ತಕಳಿ ಅಕ್ಕ. ಗಟ್ಟಿ. ಅತ್ತು ವರ್ಸ ಅಲ್ಲಾಡಲ್ಲ" ಅಂದರು ಶಾಂತಮೂರ್ತಿ.

ಸರಿ, ನಾರಿನದೇ. ತೊಡಕು ಮಂಚದ್ದು. ಮದುವೆಗೆ ಅಪ್ಪ ನನ್ನ ತವರೂರು ಹೂಗ್ಯಂನಲ್ಲಿ ಆಚಾರಿ ಕೈಲಿ ಮಾಡಿಸಿದ್ದು. ಅಗಲ ನಾಲ್ಕಡಿಯೂ ಅಲ್ಲ, ಐದೂ ಅಲ್ಲ. ಸುತ್ತ ಹಲಗೆ ಎದ್ದಿದೆ, ಹಾಸಿಗೆ ಅದರೊಳಗೆ ಕೂರಬೇಕು. ರೆಡಿ ಸೈಜು ಆಗಲ್ಲ, ಅಳತೆ ಕೊಟ್ಟೇ ಮಾಡಿಸಬೇಕು. ಯಳಂದೂರಿಗೆ ವಾಪಸ್ ಬಂದ ತಕ್ಷಣ ಟೇಪ್ ಹಿಡಿದು ಅಳೆದು, ಶಾಂತಮೂರ್ತಿಗೆ ಫೋನಲ್ಲಿ ಹೇಳಿದೆ. ಮನೇಲೇ ಟೈಲರ್ ಇರುವಾಗ ಏನು ಚಿಂತೆ ಅಂತ ಇವರೂ ಹೊಗಳಿದರು.

ಜೂನ್ 21, ಶನಿವಾರ
ಹಾಸಿಗೆ ಬಂತು. ಕೂರಲಿಲ್ಲ. ಎರಡೂ ಪಕ್ಕ ಹಲಗೆಗೆ ಸಿಕ್ಕಿ ಮಧ್ಯೆ ಉಬ್ಬಿ ನಿಂತಿದೆ, ಥೇಟ್ ರೋಡ್ ಹಂಪ್. ಮತ್ತೆ ಅಳೆದೆ. ಎರಡು ಇಂಚು ಜಾಸ್ತಿ. ಆಗ ಹೊಳೀತು — ಬ್ಲೌಸಿಗೆ ಬಿಡೋ ಹಾಗೆ ಲೂಸ್ ಸೇರಿಸಿ ಹೇಳಿಬಿಟ್ಟಿದ್ದೀನಿ. ಕೈ ಅಭ್ಯಾಸ. ಮಂಚ ಏನು ಉಸಿರಾಡುತ್ತಾ, ದಪ್ಪ ಆಗುತ್ತಾ?

ಇವರು ಸುಮ್ಮನಿದ್ದಿದ್ದರೆ ಮುಗೀತಿತ್ತು. ಬ್ಲೌಸ್ ಹೊಲಿಸೋಕೆ ಬಂದ ಬಸವಮ್ಮನ ಎದುರಿಗೇ, "ಆಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ನಮ್ಮವಳು ಮಂಚ ಮೀರಿ ಆಸಿಗೇನೇ ಚಾಚವ್ಳೆ" ಅಂದು ನಕ್ಕರು. ಬಸವಮ್ಮನೂ ನಗುತ್ತಾ, "ಇನ್ನೊಂದಿನ ಬತ್ತೀನಿ ಕಣವ್ವ" ಅಂತ ಬಟ್ಟೆ ಚೀಲಕ್ಕೆ ವಾಪಸ್ ಹಾಕ್ಕೊಂಡು ಹೊರಟೇಹೋದರು. ನನ್ನ ಅಳತೆ ಮೇಲೆ ನಂಬಿಕೆ ಹೋಯ್ತು ಅಂತ ಗೊತ್ತಾಯ್ತು. ಮಾತು ಬಿಟ್ಟೆ.

ಜೂನ್ 23
ಅಳತೆ ಕೊಟ್ಟು ಮಾಡಿಸಿದ್ದು ವಾಪಸ್ ತಗೊಳ್ಳಲ್ಲವಂತೆ. ನ್ಯಾಯವೇ.

ದಿಬ್ಬದ ಈಚೆ ನಾನು, ಆಚೆ ಅವರು. ಹಳ್ಳ ಕೂಡಿಸುತ್ತಿತ್ತು, ಇದು ಒಬ್ಬೊಬ್ಬರನ್ನ ಒಂದೊಂದು ಕಡೆಗೆ ಜಾರಿಸುತ್ತೆ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಅವರೇ ಎದ್ದು ಹೋಗಿ ತರ್ತಾರೆ. ನಮ್ಮನೇಲಿ ಮುನಿಸು ಎರಡನೇ ದಿನ ಕಂಡಿದ್ದೇ ಇಲ್ಲ. ಭಯ ಆಗ್ತಿದೆ. ಹೀಗೇ ಅಭ್ಯಾಸ ಆಗಿಬಿಟ್ಟರೆ?

ಜೂನ್ 26, ಮಧ್ಯಾಹ್ನ
ಅವರು ಡ್ಯೂಟಿಗೆ ಹೋದರು, ಇವತ್ತು ರಾತ್ರಿ ಬೆಟ್ಟದಲ್ಲೇ ಹಾಲ್ಟ್. ಗ್ಯಾರಂಟಿ ಹಾಳಾಗಿ ಹೋಗಲಿ ಅಂತ ಕವರಿನ ಹೊಲಿಗೆ ಬಿಚ್ಚಿದೆ. ಗರಗಸದ ಬ್ಲೇಡಲ್ಲಿ ಒಂದು ಪಕ್ಕದ ನಾರು ಕುಯ್ದೆ. ದೊಡ್ಡದಾದ ಬ್ಲೌಸನ್ನ ಚಿಕ್ಕದು ಮಾಡೋ ಹಾಗೆ ಕವರ್ ಒಳಗೆ ಹಿಡಿದು ಹೊಲಿದೆ. ಮೈಯೆಲ್ಲ ನಾರಿನ ಪುಡಿ, ತುರಿಕೆ. ಎತ್ತಿ ಮಂಚಕ್ಕೆ ಹಾಕಿದೆ — ಕೂತಿತು! ಒಬ್ಬಳೇ ನಕ್ಕೆ.

ಈಗ ಹಳ್ಳವೂ ಇಲ್ಲ, ದಿಬ್ಬವೂ ಇಲ್ಲ. ಹತ್ತಿರ ಬರಬೇಕು ಅಂದರೆ ಮನಸ್ಸು ಮಾಡಿ ಬರಬೇಕು. ನಾನಂತೂ ಹೋಗಲ್ಲ. ನೋಡೋಣ.

ಜೂನ್ 28, ಶನಿವಾರ, ಬೆಳಿಗ್ಗೆ
ನಿನ್ನೆ ಅವರು ಬರೋದು ತಡವಾಯ್ತು. ನಾನು ಮಲಗಿಬಿಟ್ಟಿದ್ದೆ.

ಎಚ್ಚರವಾದಾಗ ಹಲಗೆಗೆ ಒತ್ತಿಕೊಂಡಿದ್ದೀನಿ, ಮಿಸುಕಾಡೋಕೆ ಜಾಗ ಇಲ್ಲ. ಕಿವಿ ಹತ್ತಿರ ಗೊರಕೆ. ತಿರುಗಿ ನೋಡಿದರೆ ಅವರ ಕಡೆ ಬೆಡ್‌ಶೀಟ್ ಹಾಸಿದ ಹಾಗೇ ಇದೆ, ಒಂದು ಸುಕ್ಕೂ ಇಲ್ಲ.

"ಅಷ್ಟು ಜಾಗ ಬಿಟ್ಟು ಇಲ್ಲಿಗ್ಯಾಕೆ ಬಂದ್ರಿ?" ಒಂದು ವಾರದ ಮೇಲೆ ನಾನಾಡಿದ ಮೊದಲ ಮಾತು.

ಕಣ್ಣು ಬಿಡದೆ, "ಅಳ್ಳ ಎಲ್ಲೋಯ್ತು ಅಂತ ಉಡುಕ್ತಿದ್ದೆ ಕಣಮ್ಮಿ" ಅಂದರು.

"ಸೊಂಟ?"

"ಅದು ಸರೋಯ್ತದೆ ಬುಡು. ಮಿಸನ್ ಮ್ಯಾಲೆ ನೋಡು, ಓಗು."

ಎದ್ದು ಬಂದು ನೋಡಿದೆ. ಬಸವಮ್ಮನ ಬ್ಲೌಸ್ ಬಟ್ಟೆ, ಮಡಿಸಿದ ಹಾಗೇ. ಇವರೇ ಹೋಗಿ ಕೇಳಿ ತಂದಿದ್ದಾರೆ. ಅಲ್ಲಿ ಏನಂದರೋ, ಹೇಗೆ ಕೇಳಿದರೋ… ಕಣ್ಣು ತುಂಬಿ ಬಂತು. ಇವತ್ತೇ ಹೊಲಿದು ಕೊಡಬೇಕು. ಒಳಗಿಂದ ಕರೀತಿದ್ದಾರೆ. ಟೀಗೆ ಇರಬೇಕು… ಟೀಗಲ್ಲ. ಇನ್ನೂ ಹಾಸಿಗೆ ಬಿಟ್ಟು ಎದ್ದೇ ಇಲ್ಲ, ಬಾ ಅಂತ—