ಟ್ಯಾಂಕಿನ ಹಣೆಯ ಮೇಲೆ ಮಗಳ ಹೆಸರು

ಗದಗ,
ಏಪ್ರಿಲ್ ೯, ೨೦೧೬

ಫಿಜಾನ ಅಪ್ಪನವರಿಗೆ,

ನಿಮ್ಮ ಫರ್ಹಾನಾಳ ಸಲಾಮು. ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಯಾರು ಎಷ್ಟೆಷ್ಟು ಕ್ಷೇಮ ಎಂಬುದನ್ನು ಮುಂದೆ ಬರೆಯುತ್ತೇನೆ, ಪೂರ್ತಿ ಓದಿ. ಫೋನಿನಲ್ಲಿ ನನ್ನ ತಮ್ಮ ಮುರ್ತುಜಾನ ಹೆಸರು ಬಂದ ಕೂಡಲೇ ನಿಮಗೆ ಸಿಗ್ನಲ್ ಹೋಗುತ್ತದೆ. ಕಾಗದಕ್ಕೆ ಆ ರೋಗವಿಲ್ಲ. ಬೆಟಗೇರಿಯ ರೋಹನ ರಜೆ ಮುಗಿಸಿ ನಿಮ್ಮ ಯಾರ್ಡಿಗೇ ವಾಪಸು ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ. ನೀವು ಓದಿ ಮುಗಿಸುವ ತನಕ ಎದುರಿಗೇ ಕೂತಿರಬೇಕೆಂದು ಅವನಿಗೆ ಹೇಳಿದ್ದೇನೆ.

ರಂಜಾನಿಗೆ ಲಿಬಿಯಾ ಬಿಟ್ಟು ಕಾಯಮ್ಮಾಗಿ ಬರುತ್ತೇನೆ ಎಂದು ನಿಮ್ಮ ಅವ್ವನಿಗೆ ಹೇಳಿದಿರಂತೆ. ಸಂತೋಷ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದಿರಂತೆ. ನೀವು ಬರುವುದರೊಳಗೆ ಮುರ್ತುಜಾನನ್ನು ಮುಂಡರಗಿಯ ಚಿಕ್ಕಮ್ಮನ ಮನೆಗೆ ಕಳಿಸಿಬಿಡಬೇಕು, ಅವನಿದ್ದರೆ ಮನೆಯೊಳಗೆ ಕಾಲಿಡಲು ನಿಮ್ಮಿಂದ ಆಗುವುದಿಲ್ಲ ಎಂದು. ಇದನ್ನು ನನಗೇ ಹೇಳಲು ನಿಮಗೆ ಧೈರ್ಯ ಬರಲಿಲ್ಲ. ಎರಡೂ ಕಾಲು ಕಳೆದುಕೊಂಡವನ ಅಕ್ಕನ ಮುಂದೆ ನಿಮ್ಮ ಕಾಲಿಡುವ ಕಷ್ಟವನ್ನು ಹೇಗೆ ಹೇಳಿಕೊಳ್ಳುವುದು ಎಂದು ನಾಚಿಕೊಂಡಿರೇನೋ.

ನಿಮ್ಮದೊಂದು ಚಟ ನನಗೆ ಬಹಳ ಇಷ್ಟವಿತ್ತು. ಮುಳಗುಂದ ನಾಕಾದ ಗ್ಯಾರೇಜಿನಲ್ಲಿದ್ದಾಗ ಗುಜರಿಗೆ ಹಾಕಬೇಕಾದ ಟ್ರ್ಯಾಕ್ಟರು, ಮೂಲೆ ಸೇರಿದ ಟೆಂಪೊ, ಯಾರೂ ಮುಟ್ಟದ ಹಳೆಯ ಲಾರಿ, ಎಲ್ಲವೂ ನಿಮ್ಮ ಹತ್ತಿರ ಬರುತ್ತಿದ್ದವು. ಒಂದರಿಂದ ಸಾಮಾನು ಕಿತ್ತು ಇನ್ನೊಂದಕ್ಕೆ ಹಾಕಿ, ಒಡೆದ ಕಡೆ ತಗಡು ಬಡಿದು, ಹೇಗೋ ಓಡಿಸಿ ತೋರಿಸುತ್ತಿದ್ದಿರಿ. 'ಮದಲ ಓಡಬೇಕು, ಉಳಿದದ್ದು ಆಮ್ಯಾಲೆ' ಎನ್ನುವುದು ನಿಮ್ಮ ಬಾಯಿಪಾಠ. ಓಡಿದ ದಿನವೇ ಅದರ ಹಣೆಯ ಮೇಲೆ ಹಳದಿ ಬಣ್ಣದಲ್ಲಿ ದೊಡ್ಡದಾಗಿ ಫಿಜಾ ಎಂದು ಬರೆಯುತ್ತಿದ್ದಿರಿ. ಜಿಲ್ಲೆಯ ಅರ್ಧ ಗುಜರಿಗೆ ನನ್ನ ಮಗಳ ಹೆಸರಿಟ್ಟಿದ್ದೀರಿ ಎಂದು ನಾನು ಕಾಡುತ್ತಿದ್ದೆ. ಸೊರಟೂರ ನೀಲಪ್ಪನ ಟ್ರ್ಯಾಕ್ಟರ್ ಈಗಲೂ ಆ ಹೆಸರು ಹೊತ್ತುಕೊಂಡೇ ಸಂತೆಗೆ ಬರುತ್ತದೆ. ಅದು ಕಂಡರೆ ನಾನು ಮುಖ ತಿರುಗಿಸುತ್ತೇನೆ.

ಆ ಹೆಸರಿನ ಲಾಭವೆಲ್ಲ ಮುರ್ತುಜಾನದು. ಲಕ್ಷ್ಮೇಶ್ವರದ ರಸ್ತೆಯಿರಲಿ ಶಿರಹಟ್ಟಿಯ ದಾರಿಯಿರಲಿ, ಫಿಜಾ ಎಂದು ಬರೆದ ಬಂಡಿ ದೂರದಲ್ಲಿ ಕಂಡರೆ ಸಾಕು, ನಡುರಸ್ತೆಗೆ ಇಳಿದು ಎರಡೂ ಕೈ ಎತ್ತಿ ನಗುತ್ತ ನಿಲ್ಲುತ್ತಿದ್ದ. ಮಿಸ್ತ್ರಿಯ ಹೆಂಡತಿಯ ತಮ್ಮ ಎಂದು ಎಲ್ಲರೂ ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದರು. ಬಸ್ಸಿಗೆ ಕಾದು ಅವನಿಗೆ ಗೊತ್ತೇ ಇರಲಿಲ್ಲ. 'ನಮ್ಮ ಮಾಮಾನ ಗಾಡಿ, ನಿಂದ್ರಲಾರದ ಎಲ್ಲಿ ಹೊಕ್ಕೈತಿ' ಎನ್ನುತ್ತಿದ್ದ. ನಿಮ್ಮನ್ನು ಮಾಮಾ ಎನ್ನುವಾಗ ಅವನ ಬಾಯಿ ತುಂಬಿ ಬರುತ್ತಿತ್ತು.

ಅವನನ್ನು ಲಿಬಿಯಾಕ್ಕೆ ಕರೆಸಿಕೊಂಡವರೂ ನೀವೇ. ಬಂದರಿನ ಊರಿನಲ್ಲಿ ಬೇಕರಿಯ ಕೆಲಸ ಕೊಡಿಸಿದಿರಿ. 'ನನ್ನ ಕಣ್ಣಮುಂದ ಇರ್ತಾನ, ಚಿಂತಿ ಬಿಡು' ಎಂದಿರಿ. ಆಮೇಲೆ ಆ ದೇಶದವರು ತಮ್ಮತಮ್ಮಲ್ಲೇ ಹೊಡೆದಾಟಕ್ಕೆ ನಿಂತರು. ನೀವು ಬುಲ್ಡೋಜರ್ ರಿಪೇರಿ ಮಾಡುತ್ತಿದ್ದ ಯಾರ್ಡು ಒಂದು ಕಡೆಯವರ ಕೈಯಲ್ಲಿ ಉಳಿಯಿತು, ಅವನ ಬೇಕರಿ ಇನ್ನೊಂದು ಕಡೆಯವರ ಓಣಿಯಲ್ಲಿ. ನಿಮ್ಮ ಕಣ್ಣು ಅಷ್ಟು ದೂರ ಹೋಗಲಿಲ್ಲ.

ಬುಲ್ಡೋಜರ್ ಬದಲು ಟ್ಯಾಂಕುಗಳನ್ನು ಎಳೆದುಕೊಂಡು ಬಂದರು ಎಂದು ಆಗ ನೀವೇ ಹೇಳಿದಿರಿ. ನಮ್ಮ ಅವ್ವನ ಮದುವೆಗಿಂತ ಹಳೆಯವು, ರಷ್ಯಾದವರು ಎಂದೋ ಮಾಡಿ ಮರೆತವು, ಬೇರೆ ದೇಶಗಳಲ್ಲಿ ಚೌಕದಲ್ಲಿ ನಿಲ್ಲಿಸಿ ಮಕ್ಕಳಿಗೆ ತೋರಿಸುತ್ತಾರೆ, ಇವರು ಇನ್ನೂ ಓಡಿಸುತ್ತಾರೆ ಎಂದು ನಕ್ಕಿರಿ. ಬಂದೂಕು ಹಿಡಿದು ನಿಂತಿದ್ದರು, ಒಲ್ಲೆ ಎನ್ನಲು ಆಗಲಿಲ್ಲ ಎಂದಿರಿ. ಅದನ್ನು ನಂಬಿದೆ, ಈಗಲೂ ನಂಬುತ್ತೇನೆ. ಆದರೆ ಹಳದಿ ಬಣ್ಣ ಹಚ್ಚು ಎಂದು ಬಂದೂಕಿನವರು ಹೇಳಿರಲಿಲ್ಲ.

ಅದು ನಿಮ್ಮ ಹೆಮ್ಮೆ. ಯಾರಿಂದಲೂ ಚಾಲೂ ಆಗದ ಟ್ಯಾಂಕು ನಿಮ್ಮ ಕೈಯಲ್ಲಿ ಗುಡುಗಿತು. ಮೂರು ಸತ್ತ ಟ್ಯಾಂಕುಗಳ ಸಾಮಾನು ಸೇರಿಸಿ ಇದೊಂದನ್ನು ಎಬ್ಬಿಸಿದೆ ಎಂದಿರಿ. ಡ್ರೈವರ್ ಹೊರಗೆ ನೋಡುವ ಗಾಜು ಒಡೆದಿತ್ತು, ಅಂಥ ಗಾಜು ಈಗ ಜಗತ್ತಿನಲ್ಲೇ ಸಿಗುವುದಿಲ್ಲ, ಬೆರಳಗಲ ಸಂದಿ ಬಿಟ್ಟು ತಗಡು ಬಡಿದೆ ಎಂದಿರಿ. 'ನೋಡಾಕೇನೈತಿ, ಅದರ ಮುಂದ ಯಾವ ಮಗ ನಿಂದ್ರತಾನ' ಎಂದು ನಕ್ಕಿರಿ. ಆ ಮಾತಿಗೆ ನಾನೂ ನಕ್ಕೆ. ಹಾಗೆ ನಕ್ಕ ನನ್ನ ಬಾಯಿಗೆ ಏನು ಶಿಕ್ಷೆ ಕೊಟ್ಟುಕೊಳ್ಳಲಿ ಎಂದು ಈಗಲೂ ತಿಳಿಯುತ್ತಿಲ್ಲ.

ಅದರ ಮೇಲೆ ಕುಳಿತು ತೆಗೆಸಿಕೊಂಡ ಫೋಟೊ ಕಳಿಸಿದಿರಿ. ಎಡಕ್ಕೆ ನೀವು, ಬಲಕ್ಕೆ ಫಿಜಾ ಎಂಬ ಹಳದಿ ಅಕ್ಷರ. ನಿಮ್ಮ ಅವ್ವ ಮೋತಿಬಿಯವರು ಸ್ಟೇಶನ್ ರಸ್ತೆಯ ಸ್ಟುಡಿಯೋದಲ್ಲಿ ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ತೂಗುಹಾಕಿದರು. ಓಣಿಯವರೆಲ್ಲ ಬಂದು ನೋಡಿದರು. ಸಾವಕ್ಕನಂತೂ ದೃಷ್ಟಿಯಾದೀತು ಎಂದು ಫೋಟೊಕ್ಕೆ ನಿಂಬೆಹಣ್ಣು ನಿವಾಳಿಸಿದಳು.

ಈಗ ನೀವು ಕೇಳಲು ಒಲ್ಲದ ಮಾತು. ಅವತ್ತು ಬೇಕರಿಯ ನೆಲಮಾಳಿಗೆಯಲ್ಲಿ ಎಲ್ಲರೂ ಉಸಿರು ಹಿಡಿದು ಕುಳಿತಿದ್ದರಂತೆ. ಟ್ಯಾಂಕು ಓಣಿಗೆ ಬಂತು. ಮುರ್ತುಜಾ ಕಿಂಡಿಯಲ್ಲಿ ಇಣುಕಿದ. 'ಅಕ್ಕಾ, ಕನ್ನಡ ಅಕ್ಷರ! ಹಳದೀ ಬಣ್ಣ! ನಮ್ಮ ಫಿಜಾನ ಹೆಸರು! ಎಲ್ಲಾರೂ ಕೈ ಹಿಡದು ಜಗ್ಗಿದರು, ನಾನು ಕೊಸರಿಕೊಂಡು ಓಡಿದೆ' ಎಂದು ಹೇಳುವಾಗ ಈಗಲೂ ಅವನ ಕಣ್ಣು ಹೊಳೆಯುತ್ತದೆ. ಆ ನೆಲಮಾಳಿಗೆಯಲ್ಲಿ ಆ ಹೆಸರು ಓದಲು ಬರುತ್ತಿದ್ದವನು ಅವನೊಬ್ಬನೇ. ಓದಲು ಬಾರದವರು ಕೆಳಗೆ ಕೂತು ಉಳಿದುಕೊಂಡರು. ಇವನು ನಡುರಸ್ತೆಗೆ ಹೋಗಿ, ಲಕ್ಷ್ಮೇಶ್ವರದ ರಸ್ತೆಯಲ್ಲಿ ನಿಂತ ಹಾಗೆಯೇ, ಎರಡೂ ಕೈ ಎತ್ತಿ ನಗುತ್ತ ನಿಂತ.

ಟ್ಯಾಂಕು ಒಂದು ಗಳಿಗೆ ನಿಂತಿತಂತೆ. ಮಾಮಾ ಗುರುತು ಹಿಡಿದ ಎಂದುಕೊಂಡು ಇವನು ಇನ್ನೂ ಹತ್ತಿರ ಹೋದ. ನಿಮ್ಮ ಹಳೆಯ ಎಂಜಿನ್ನು ಕೆಮ್ಮಿ ನಿಂತಿತ್ತು, ಅಷ್ಟೇ. ಮತ್ತೆ ಹೊರಟಿತು. ಯಾರೂ ಗುಂಡು ಹಾರಿಸಲಿಲ್ಲ, ಯಾರಿಗೂ ಅವನ ಮೇಲೆ ಸಿಟ್ಟಿರಲಿಲ್ಲ. ನೀವು ಬಡಿದ ತಗಡಿನ ಹಿಂದೆ ಕೂತವನಿಗೆ ಮುಂದೆ ಒಬ್ಬ ಮನುಷ್ಯ ನಿಂತಿದ್ದಾನೆ ಎಂಬುದೇ ಕಾಣಲಿಲ್ಲ.

ಆ ಹೊತ್ತಿನಲ್ಲಿ ನೀವು ಯಾರ್ಡಿನಲ್ಲಿ ಇನ್ನೊಂದು ಟ್ಯಾಂಕಿಗೆ ಗ್ರೀಸು ತುಂಬುತ್ತಿದ್ದಿರಿ. ರೋಹನ ಹೇಳಿದ. ಅವನು ಹೇಳಲು ಒಲ್ಲದ್ದನ್ನೂ ನಾನು ಕೆದಕಿ ಕೇಳಿದೆ. ಸಂಜೆ ಆ ಟ್ಯಾಂಕು ತೊಳೆಯಲು ಬಂದಾಗ ಚೈನಿನಲ್ಲಿ ಒಂದು ಚಪ್ಪಲಿ ಸಿಕ್ಕಿತ್ತಂತೆ, ಈದಿಗೆ ನಾನು ಗದಗದಿಂದ ಕಳಿಸಿದ್ದು. ನೀವು ಅದನ್ನು ಕಿತ್ತು ಉಸುಕಿನಲ್ಲಿ ಹೂಳಿದಿರಂತೆ. ಮರುದಿನ ಅದೇ ಟ್ಯಾಂಕಿಗೆ ಡೀಸೆಲ್ ಹಾಕಿ ಮತ್ತೆ ಕಳಿಸಿದಿರಂತೆ. ಬಂದೂಕಿನ ಭಯ, ಇರಲಿ. ಒಂದು ಚಿಂದಿಗೆ ಪೆಟ್ರೋಲು ಹಚ್ಚಿ ಆ ಹೆಸರನ್ನಾದರೂ ಒರೆಸಬಹುದಿತ್ತು. ಅದು ಈಗಲೂ ಹಾಗೆಯೇ ಇದೆಯಂತೆ. ನನ್ನ ಮಗಳ ಹೆಸರು ಇನ್ನೂ ಯಾರ ಯಾರ ಮೇಲೆ ಹಾಯುತ್ತಿದೆಯೋ.

ಮುರ್ತುಜಾನ ಹಾಸಿಗೆ ಪಡಸಾಲೆಯಲ್ಲಿದೆ, ಫೋಟೊದ ಎದುರಿಗೆ. ನಿಮ್ಮ ಅವ್ವ ದಿನಾ ಅದನ್ನು ಗೋಡೆಗೆ ಮುಖ ಮಾಡಿ ತಿರುಗಿಸುತ್ತಾರೆ, ನಾನು ದಿನಾ ಸರಿಯಾಗಿ ತಿರುಗಿಸುತ್ತೇನೆ. ನಿಮ್ಮ ಅಪ್ಪ ಮೌಲಾಸಾಬರು 'ಇಳಿಸವ್ವಾ ಅದನ್ನ, ನೋಡಾಕ ಆಗೂದಿಲ್ಲ' ಎಂದು ಕೈ ಮುಗಿದರು. ನಿಮ್ಮ ಮಗನ ಕೈಗೆಲಸ, ಹೆಮ್ಮೆಯಿಂದ ಹಾಕಿದ್ದೀರಿ, ಇರಲಿ ಎಂದೆ. ಮುದುಕರು ಅತ್ತರು. ನನಗೆ ಮರುಕ ಬರಲಿಲ್ಲ.

ಅವರೇನೋ ನೊಂದುಕೊಳ್ಳುತ್ತಾರೆ, ಮುರ್ತುಜಾನಿಗೆ ಮಾತ್ರ ಆ ಫೋಟೊ ಬೇಕು. ಅದನ್ನೇ ನೋಡುತ್ತ ಮಲಗಿರುತ್ತಾನೆ. 'ಅಕ್ಕಾ, ಒಳಗ ಮಾಮಾ ಇದ್ದನೇನ?' ಎಂದು ಕೇಳುತ್ತಾನೆ. ಕೇಳಿದಾಗಲೆಲ್ಲ ಅನ್ನ ಉಣ್ಣು, ಗುಳಿಗೆ ತಗೋ ಎಂದು ಮಾತು ತಪ್ಪಿಸುತ್ತ ಬಂದಿದ್ದೇನೆ. ಇಲ್ಲ ಎಂದರೆ ಅವನ ಕಣ್ಣಲ್ಲಿ ನೀವು ತಪ್ಪಿಲ್ಲದವರಾಗಿ ಉಳಿದುಬಿಡುತ್ತೀರಿ.

ಅವನು ಮುಂಡರಗಿಗೆ ಹೋಗುವುದಿಲ್ಲ. ಹಾಸಿಗೆ ಒಂದು ಗೇಣೂ ಜರುಗುವುದಿಲ್ಲ. ನಮ್ಮ ಮನೆಗೆ ಇರುವುದು ಒಂದೇ ಬಾಗಿಲು, ಬರುವುದಾದರೆ ಅವನನ್ನು ದಾಟಿಯೇ ಒಳಗೆ ಬರಬೇಕು. ನಿಮಗೆ ಆಗದಿದ್ದರೆ ಅಲ್ಲಿಯೇ ಇರಿ, ಅಲ್ಲಿ ಹಳೆಯ ಕಬ್ಬಿಣಕ್ಕೇನೂ ಕೊರತೆಯಿಲ್ಲ. ಫಿಜಾನ ಅವ್ವ ಎಂದು ಸಹಿ ಹಾಕುವ ರೂಢಿ ನನ್ನದು. ಇವತ್ತು ಆ ಹೆಸರು ಬರೆಯಲು ಕೈ ಬರುತ್ತಿಲ್ಲ.

ಇಂತಿ,
ಮುರ್ತುಜಾನ ಅಕ್ಕ
ಫರ್ಹಾನಾ

ತಾ.ಕ.: ಲಕೋಟೆ ಅಂಟಿಸಬೇಕೆನ್ನುವಷ್ಟರಲ್ಲಿ ಮುರ್ತುಜಾ ಮತ್ತೆ ಅದೇ ಮಾತು ಕೇಳಿದ. ಈ ಸಲ ಹೌದು, ಒಳಗೆ ನಿನ್ನ ಮಾಮಾನೇ ಇದ್ದ ಎಂದುಬಿಟ್ಟೆ. 'ನನ್ನ ನೋಡಿದನೇನ?' ಎಂದ. ನೋಡಿದ ಎಂದೆ. ಫೋಟೊ ಗೋಡೆಗೆ ತಿರುಗಿಸು ಎಂದು ತಾನೇ ಹೇಳಿದ. ಹಿಂತಿರುಗಿ ನೋಡಿದರೆ ಬಾಗಿಲಲ್ಲಿ ಫಿಜಾ ನಿಂತಿದ್ದಳು, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನಾನು ಹೇಳಿದ್ದು ಸುಳ್ಳು ಎಂದು ಅವಳಿಗೂ ಹೇಳಲಿಲ್ಲ. ಕೆಟ್ಟದ್ದನ್ನು ಸರಿ ಮಾಡುವುದು ನಿಮ್ಮ ಕಸುಬಲ್ಲವೇ, ಬಂದು ಮಾಡಿ.