ಕಾಕಿಯ ಹೆಸರು ತಪ್ಪು ಎಂದ ಕಂಪ್ಯೂಟರ್

ಪ್ರೀತಿಯ ಕಾಕಾ,

ನೀನು ತೀರಿಹೋದ ಮೇಲೆ ಬನಹಟ್ಟಿಯ ನಮ್ಮ ನೇಕಾರರ ಸಂಘದಲ್ಲಿ ನಿನ್ನ ಕುರ್ಚಿಗೆ ನಾನೇ ಬಂದು ಕೂತಿದ್ದೇನೆ. ಭರವಸೆಯಿಟ್ಟು ಕೂರಿಸಿದರೆಂದು ತಿಳಿಯಬೇಡ. ಜಮಖಂಡಿಯಲ್ಲಿ ಕಂಪ್ಯೂಟರ್ ಓದಿದ ಹುಡುಗಿ, ಕಡಿಮೆ ಪಗಾರಕ್ಕೆ ಸಿಕ್ಕಳು, ಅಷ್ಟೇ. ಈ ವಾರ ನಡೆದದ್ದನ್ನು ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ?

ನೀನು ಸಂಘಕ್ಕೆ ಆ ಪ್ರೋಗ್ರಾಂ ಬರೆದಾಗ ನಾನಿನ್ನೂ ಸಾಲೆಗೆ ಹೋಗುತ್ತಿದ್ದೆ. ಸೀರೆ ಜಮಾ ಮಾಡುವಲ್ಲಿ ಸದಸ್ಯನ ಹೆಸರಿನ ಪಕ್ಕ 'ನೇಯ್ದವರು' ಎಂದು ನೀನು ಇನ್ನೊಂದು ಖಾನೆ ಇಟ್ಟೆ. ಸದಸ್ಯರೆಲ್ಲ ಗಂಡಸರು, ಮಗ್ಗಕ್ಕೆ ಕೂರುವವರು ಹೆಚ್ಚಾಗಿ ಹೆಂಗಸರು. "ಹೆಣ್ಮಕ್ಕಳ ಹೆಸರ ಬರದ ಏನ ಮಾಡಾವ್ರಿ?" ಎಂದು ಸಂಘದವರು ನಕ್ಕರು. "ಯಾರ ನೇಯ್ದಾರ ಅವರ ಹೆಸರ ಬರೀತೇನಿ. ನಿಮಗೇನ ತ್ರಾಸ?" ಎಂದೆ ನೀನು. ಆ ನಗು ಇನ್ನೂ ನಿಂತಿಲ್ಲ ಕಾಕಾ.

ಮೊನ್ನೆ ಅಮಾವಾಸ್ಯೆ, ಮಗ್ಗಗಳಿಗೂ ಸಂಘಕ್ಕೂ ರಜೆ. ಆ ದಿನ ಕಂಪನಿಯವನೊಬ್ಬ ಬಂದು ಸರ್ವರ್‌ಗೆ ಹೊಸ ಸಾಫ್ಟ್‌ವೇರ್ ಹಾಕಿ ಹೋದ. ಮರುದಿನ ನಿನ್ನ ಪ್ರೋಗ್ರಾಂ ತೆರೆದರೆ ಡೇಟಾಬೇಸ್‌ಗೆ ಲಾಗಿನ್ ಆಗಲೊಲ್ಲದು. 'ಪಾಸ್‌ವರ್ಡ್ ತಪ್ಪು' ಎನ್ನುತ್ತದೆ. ಗುಮಾಸ್ತ ಒತ್ತಿದ, ಚೇರ್ಮನ್ನರು ಒತ್ತಿದರು, ಚಹಾಕ್ಕೆ ಬಂದ ಡೈರೆಕ್ಟರೊಬ್ಬರೂ "ಸರಿಯವಾ, ನಾ ನೋಡ್ತೇನಿ" ಎಂದು ಒತ್ತಿದರು. ಪಾಸ್‌ವರ್ಡ್ ಯಾರಿಗೆ ಗೊತ್ತಿಲ್ಲ? ಗಂಗವ್ವ ಎಂದು ಹೆಂಡತಿಯ ಹೆಸರಿಟ್ಟು ಊರಿಗೆಲ್ಲ ಹೇಳಿದ ಪುಣ್ಯಾತ್ಮ ನೀನು! ಇವರ ಕಾಟಕ್ಕೆ ಸರ್ವರ್ ನಮ್ಮ ಕಂಪ್ಯೂಟರನ್ನೇ ತಡೆದುಬಿಟ್ಟಿತು. "ಅಮಾಸಿ ದಿನಾ ಮುಟ್ಟಬಾರದಿತ್ರಿ" ಎಂದ ಗುಮಾಸ್ತ. ತಪ್ಪನ್ನು ಅಮಾವಾಸ್ಯೆಯ ಮೇಲೆ ಹಾಕಿದರೆ ಯಾರ ಮೈಮೇಲೂ ಬರುವುದಿಲ್ಲ ನೋಡು.

ಕಂಪನಿಯವನಿಗೆ ಫೋನ್ ಮಾಡಿದೆ. "ಹಳೇದ ಒಗೀರಿ ಮೇಡಂ, ನಮ್ಮ ಪ್ರೋಗ್ರಾಂ ಹಾಕೋರಿ" ಎಂದ. ಅದರಲ್ಲಿ 'ನೇಯ್ದವರು' ಖಾನೆ ಇದೆಯೇ ಎಂದರೆ, "ಅದೆಲ್ಲಾ ಯಾಕ್ರಿ?" ಎಂದ. ಚೇರ್ಮನ್ನರೂ ತಲೆಯಾಡಿಸಿದರು. "ಸಂಜೀತನಾ ನೋಡವಾ. ಆಗಲಿಲ್ಲಂದ್ರ ಅವರದ್ನ ಹಾಕಸೋಣು." ಆ ಖಾನೆ ಹೋದರೆ ಅಷ್ಟೂ ಹೆಂಗಸರ ಹೆಸರು…

ಅಷ್ಟರಲ್ಲಿ ಕಾಕಿ ಒಳಗೆ ಬಂದಳು, ಕಂಕುಳಲ್ಲಿ ಸೀರೆ. ನೀನು ಹೋದಂದಿನಿಂದ ಮಗ್ಗ ಮುಟ್ಟದಿದ್ದ ಕಾಕಿ! "ಸೀರಿ ಇಟ್ಟ ಹೋಗ್ರಿ, ಆಮ್ಯಾಲ ನಿಮ್ಮ ಮಗನ ಹೆಸರೀಗೆ ಜಮಾ ಮಾಡ್ಕೋತೇವಿ" ಎಂದ ಗುಮಾಸ್ತ. ಕಾಕಿ ಪರದೆಯ ಮೇಲಿನ 'ಪಾಸ್‌ವರ್ಡ್ ತಪ್ಪು' ಓದಿದಳು. "ನನ್ನ ಹೆಸರ ತಪ್ಪ ಅಂತೈತೇನ ಇದು? ಇದು ಸರಿ ಆಗೂತನಾ ನಾ ಸೀರಿ ಕೊಡಂಗಿಲ್ಲ" ಎಂದವಳೇ ಬೆಂಚಿನ ಮೇಲೆ ಕೂತುಬಿಟ್ಟಳು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು.

ಕಲಿಸುವಾಗ ನೀನು ಬೈಯುತ್ತಿದ್ದೆ, ನೆನಪಿದೆಯೇ? "ಅರ್ಧಾ ಓದಿ ಗಾಬರಿ ಆಗಬ್ಯಾಡ, ಅದೇನಂತೈತಿ ಪೂರಾ ಓದು." ಎಲ್ಲರ ಕೈಯನ್ನೂ ಕೀಬೋರ್ಡಿನಿಂದ ಸರಿಸಿ, ಸರ್ವರ್‌ನ ತಡೆ ತೆಗೆದು, ಅದು ಕಳಿಸಿದ ಮೂಲ ಸಂದೇಶವನ್ನು ಹುಡುಕಿ ಪೂರಾ ಓದಿದೆ. ಪಾಸ್‌ವರ್ಡ್ ತಪ್ಪೆಂದು ಅದು ಹೇಳಿಯೇ ಇರಲಿಲ್ಲ! ಯಾವ ತೊಂದರೆ ಬಂದರೂ 'ಪಾಸ್‌ವರ್ಡ್ ತಪ್ಪು' ಎಂದೇ ತೋರಿಸುವಂತೆ ಬರೆದವನು ನೀನು. ನಿಜವಾಗಿ ಆದದ್ದು ಇಷ್ಟು: ಸರ್ವರ್‌ನ ಹೊಸ ಸಾಫ್ಟ್‌ವೇರ್ ಪಾಸ್‌ವರ್ಡನ್ನು ಬೇರೆ ರೀತಿಯಲ್ಲಿ ಕೇಳುತ್ತಿತ್ತು, ನಿನ್ನ ಪ್ರೋಗ್ರಾಂ ಅನ್ನು ಡೇಟಾಬೇಸ್‌ಗೆ ಜೋಡಿಸುವ ಹಳೆಯ ಕೊಂಡಿಗೆ ಆ ರೀತಿ ಗೊತ್ತಿರಲಿಲ್ಲ. ಮಗ್ಗದಲ್ಲಿ ಹಾಸಿನ ನೂಲು ಮುಗಿಯಿತೆಂದು ಮಗ್ಗವನ್ನೇ ಕೀಳುತ್ತೇವೆಯೇ? ಹಳೆಯ ಎಳೆಗಳ ತುದಿಗೆ ಹೊಸ ಎಳೆ ಸೇರಿಸಿ ಕೆಚ್ಚುತ್ತೇವೆ. ನಾನೂ ಅಷ್ಟೇ ಮಾಡಿದೆ. ಕೊಂಡಿಯೊಂದನ್ನು ಹೊಸದು ಹಾಕಿದೆ, ನೀನು ಬರೆದ ಉಳಿದದ್ದನ್ನು ಮುಟ್ಟಲಿಲ್ಲ.

ಸಂಜೆಗೆ ಮೊದಲೇ ಲಾಗಿನ್ ಆಯಿತು. "ಆತು ಬಿಡವಾ, ಇದ ಇರಲಿ" ಎಂದರು ಚೇರ್ಮನ್ನರು. ಇರಲಿ ಎನ್ನುವುದೇನು, ನಾನು ಈ ಕುರ್ಚಿಯಲ್ಲಿರುವವರೆಗೆ ಆ ಖಾನೆಯನ್ನು ಯಾರೂ ತೆಗೆಯುವುದಿಲ್ಲ. ಪಾಸ್‌ವರ್ಡನ್ನೂ ಬದಲಿಸಿದ್ದೇನೆ. ನಿನಗೂ ಹೇಳುವುದಿಲ್ಲ, ಹೋಗು.

ಕಾಕಿ ಆಗ ಎದ್ದು ಸೀರೆ ಕೊಟ್ಟಳು. ನೀನು ಹೋದ ದಿನ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತ್ತಲ್ಲ, ಅದೇ ಸೀರೆ. 'ನೇಯ್ದವರು' ಖಾನೆಯಲ್ಲಿ ಗಂಗವ್ವ ಎಂದು ಬರೆದೆ. ಸದಸ್ಯನ ಖಾನೆಯಲ್ಲಿ ಇನ್ನೂ ನೀನೇ ಇದ್ದೀಯ. "ಅದನ್ನ ಮಗನ ಹೆಸರೀಗೆ ಹಚ್ಚಬೇಕಲ್ರಿ?" ಎಂದ ಗುಮಾಸ್ತ. "ಅಲ್ಲೂ ನಂದ ಬರಿ" ಎಂದಳು ಕಾಕಿ.

ಈ ಸಲ ಯಾರೂ ನಗಲಿಲ್ಲ ಕಾಕಾ. ಸದಸ್ಯತ್ವವನ್ನು ಕಾಕಿಯ ಹೆಸರಿಗೆ ಮಾಡಲು ಅರ್ಜಿ ಕೊಟ್ಟಾಗಿದೆ, ಸಭೆಯಲ್ಲಿ ಅಡ್ಡ ಬರುವವರು ಬರಲಿ, ಅವರಿಗೆ ಉತ್ತರ ಕೊಡಲು ನಾನಿದ್ದೇನೆ. ಕಾಕಿಯ ಮುಂದಿನ ಸೀರೆ ಬರುವಷ್ಟರಲ್ಲಿ ಎರಡೂ ಖಾನೆಯಲ್ಲಿ ಒಂದೇ ಹೆಸರು ಇರುತ್ತದೆ.

ನಿನ್ನ ಮಗಳಂಥವಳು